ಪೆರಿನಾಳ ಮುಷ್ಟಿ, ಡೊಬ್ರಿಲಾಳ ರಟ್ಟೆ

ಮೈದಾಹಿಟ್ಟು ಕಿಲೋಗೆ ಒಂದು ಯೂರೋ, ಎಣ್ಣೆ ಲೀಟರಿಗೆ ಎರಡರ ಹತ್ತಿರ, ಹತ್ತು ಮೊಟ್ಟೆಗೆ ಮೂರು, ಅಂಗೈಯಗಲದ ಒಣದ್ರಾಕ್ಷಿ ಪೊಟ್ಟಣಕ್ಕೆ ಎರಡೂವರೆ. ಸೇಬು ಒಳನಾಡಿನಿಂದ ದೋಣಿ ಹತ್ತಿ ದ್ವೀಪಕ್ಕೆ ಬರುವುದರಿಂದ ಡಿಸೆಂಬರಿನ ಹಬ್ಬದ ವಾರದಲ್ಲಿ ಅದಕ್ಕೂ ಕೊಬ್ಬು ಬಂದಿತ್ತು. ನಿಂಬೆ, ಕಿತ್ತಳೆ ಹಿತ್ತಲಿನವು. ದ್ರಾಕ್ಷಿ ಸಾರಾಯಿ ಗಂಡ ಲೋವ್ರೆಯೇ ಇಳಿಸಿದ್ದು. ಪೆರಿನಾ ಅಂಗಡಿಯ ಗಲ್ಲಾದ ಮುಂದೆ ನಿಂತು ಮನಸ್ಸಿನಲ್ಲೇ ಕೂಡಿ ನೋಡಿದಳು. ಎರಡು ಮನೆಗಾಗುವಷ್ಟು ಹಬ್ಬದ ಸಿಹಿ ಉಂಡೆ ಫ್ರಿತುಲೆ ಕರಿಯಲು, ಬೇಸಿಗೆಯಲ್ಲಿ ಪ್ರವಾಸಿಗರು ದಂಡೆಯ ಮೇಲೆ ಎರಡು ಲೋಟ ಕಾಫಿಗೆ ಕೊಡುವುದಕ್ಕಿಂತ ಸ್ವಲ್ಪ ಹೆಚ್ಚು ಬೀಳುತ್ತಿತ್ತು. ದುಬಾರಿಯೇನಲ್ಲ. ಆದರೆ ಕರಿದದ್ದನ್ನು ತಟ್ಟೆಗೆ ಹಾಕಿಕೊಂಡು ಎದುರು ಮನೆಯ ಬಾಗಿಲು ತಟ್ಟುವುದಕ್ಕೆ ಎಷ್ಟು ಬೀಳುತ್ತದೆ ಎಂಬುದು ಮಾತ್ರ ಅವಳ ಲೆಕ್ಕಕ್ಕೆ ಸಿಗಲಿಲ್ಲ.

ಅಂಗಡಿಯ ಹುಡುಗಿ ಒಂದು ಬಣ್ಣದ ಪೊಟ್ಟಣ ಎತ್ತಿ ತೋರಿಸಿ, ಈಗ ಎಲ್ಲರೂ ಇದನ್ನೇ ಒಯ್ಯುತ್ತಾರೆ ದೊಡ್ಡಮ್ಮ, ನೀರು ಹಾಕಿ ಕಲಸಿ ಎಣ್ಣೆಗೆ ಬಿಟ್ಟರೆ ಆಯಿತು ಎಂದಳು.

"ನೀರು ಹಾಕಿ ಕಲಸೋದೇ ಆದ್ರೆ ಸಿಮೆಂಟು ಇನ್ನೂ ಅಗ್ಗ ಅಲ್ವೇನಮ್ಮ," ಎಂದು ಪೆರಿನಾ ಚೀಲ ಎತ್ತಿಕೊಂಡಳು.

ಹಾಗೆಂದಳೇನೋ ನಿಜ. ಆದರೆ ತನ್ನ ಫ್ರಿತುಲೆಗೂ ಸಿಮೆಂಟಿಗೂ ಈಚಿನ ವರ್ಷಗಳಲ್ಲಿ ದೂರದ ನಂಟಿದೆ ಎಂಬುದು ಅವಳಿಗೆ ತಿಳಿಯದ್ದೇನಲ್ಲ.

ಅವಳ ಮನೆ ಇದ್ದದ್ದು ಬಂದರಿನಿಂದ ಮೇಲಕ್ಕೆ ಹತ್ತುವ ಕಲ್ಲುಮೆಟ್ಟಿಲ ಓಣಿಯಲ್ಲಿ. ಹಿಂದೆ ಹಬ್ಬದ ಹಿಂದಿನ ದಿನ ಈ ಓಣಿ ಹತ್ತುವವರಿಗೆ ಹೊಟ್ಟೆ ಹಸಿಯದೇ ಇರುತ್ತಿರಲಿಲ್ಲ. ಪ್ರತಿ ಮನೆಯ ಕಿಟಕಿಯಿಂದ ಕಾದ ಎಣ್ಣೆಯ, ನಿಂಬೆಸಿಪ್ಪೆಯ, ಸಾರಾಯಿಯಲ್ಲಿ ನೆನೆದ ದ್ರಾಕ್ಷಿಯ ವಾಸನೆ ಹೊರಬಂದು ಓಣಿಯ ನಡುವೆ ಬೆರೆಯುತ್ತಿತ್ತು. ಹೆಂಗಸರು ಬಟ್ಟೆ ಮುಚ್ಚಿದ ತಟ್ಟೆ ಹಿಡಿದು ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಓಡಾಡುತ್ತಿದ್ದರು. ಕೊಟ್ಟ ತಟ್ಟೆ ಖಾಲಿ ಹಿಂದಿರುಗುತ್ತಿರಲಿಲ್ಲ. ಯಾವ ಮನೆಯದು ಎಂದು ಹೇಳಬೇಕಾದ ಅಗತ್ಯವೂ ಇರಲಿಲ್ಲ. ಇವಳದಕ್ಕೆ ಸಕ್ಕರೆ ಮುಂದು, ಅವಳದಕ್ಕೆ ಸಾರಾಯಿ ಮುಂದು, ಮತ್ತೊಬ್ಬಳು ಒಣ ಅಂಜೂರ ಕತ್ತರಿಸಿ ಹಾಕುವವಳು, ಹೀಗೆ ಕಣ್ಣು ಮುಚ್ಚಿ ತಿಂದರೂ ಹೆಸರು ಬಾಯಿಗೆ ಬರುತ್ತಿತ್ತು. ಈಗ ಆ ಮನೆಗಳೆಲ್ಲ ಬೇಸಿಗೆಯ ಬಾಡಿಗೆ ಕೋಣೆಗಳಾಗಿವೆ. ಚಳಿಗಾಲದಲ್ಲಿ ಒಲೆ ಉರಿಯುವುದು ಎರಡೇ ಮನೆಯಲ್ಲಿ, ಪೆರಿನಾಳದರಲ್ಲಿ ಮತ್ತು ಎದುರಿನ ಡೊಬ್ರಿಲಾಳದರಲ್ಲಿ.

ಈ ವರ್ಷ ಡೊಬ್ರಿಲಾಳ ಮನೆಯಲ್ಲಿ ಎಣ್ಣೆ ಇಡುವಂತಿರಲಿಲ್ಲ. ಅವಳ ಗಂಡ ಶಿಮೆ ಫೆಬ್ರವರಿಯಲ್ಲಿ ತೀರಿಕೊಂಡಿದ್ದ. ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಕರಿಯುವುದಿಲ್ಲ, ಸಿಹಿ ಬೇಯಿಸುವುದಿಲ್ಲ. ಹಾಗೆಂದು ಆ ಮನೆಯವರು ಹಬ್ಬದಲ್ಲಿ ಫ್ರಿತುಲೆ ಇಲ್ಲದೆ ಕೂರುವುದೂ ಇಲ್ಲ, ಓಣಿಯವರು ತಂದುಕೊಡುತ್ತಾರೆ. ಕರಿದ ಮೊದಲ ತಟ್ಟೆ ಅಲ್ಲಿಗೆ ಹೋಗಬೇಕು, ಆಮೇಲೆ ತಮ್ಮ ಮನೆಯವರು ಬಾಯಿಗೆ ಹಾಕಬೇಕು. ಡೊಬ್ರಿಲಾಳ ಮಗಳು ಆಚೆ ದಡದ ಪಟ್ಟಣದಲ್ಲಿದ್ದಳು. ತಂದೆ ಸತ್ತ ಮೇಲೆ ಅವಳ ಮನೆಯದೂ ಅದೇ ಶೋಕ, ಅಲ್ಲೂ ಎಣ್ಣೆ ಇಡುವಂತಿಲ್ಲ. ಅಂದ ಮೇಲೆ ಈ ಸಲ ತಟ್ಟೆ ಒಯ್ಯಬೇಕಾದವಳು ಒಬ್ಬಳೇ. ಪೆರಿನಾ ಒಯ್ಯದಿದ್ದರೆ ಆ ಮನೆಯಲ್ಲಿ ಹಬ್ಬಕ್ಕೆ ಫ್ರಿತುಲೆ ಇರುವುದಿಲ್ಲ, ಅಷ್ಟೆ. ಅವಳೂ ಡೊಬ್ರಿಲಾಳೂ ಮಾತುಬಿಟ್ಟು ಹದಿನೇಳೋ ಹದಿನೆಂಟೋ ವರ್ಷಗಳಾಗಿದ್ದವು.

ಪೆರಿನಾ ಮಧ್ಯಾಹ್ನವೇ ಕಲಸಲು ಕುಳಿತಳು. ಬೇಯಿಸಿ ಹಿಸುಕಿದ ಆಲೂಗಡ್ಡೆ, ಹಿಟ್ಟು, ಮೊಟ್ಟೆ, ಬೆಚ್ಚಗಿನ ಹಾಲಿನಲ್ಲಿ ನೊರೆಯೆದ್ದ ಹುದುಗು, ತುರಿದ ಸೇಬು, ಹಿಂದಿನ ದಿನದಿಂದ ಸಾರಾಯಿ ಕುಡಿದು ಉಬ್ಬಿದ ದ್ರಾಕ್ಷಿ, ನಿಂಬೆ ಕಿತ್ತಳೆಗಳ ಸಿಪ್ಪೆತುರಿ. ಇಷ್ಟು ಯಾರು ಬೇಕಾದರೂ ಹಾಕಬಹುದು. ಫ್ರಿತುಲೆಯ ಹಣೆಬರಹ ನಿರ್ಧಾರವಾಗುವುದು ಆಮೇಲೆ. ಪಾತ್ರೆಯನ್ನು ತೊಡೆಗಳ ನಡುವೆ ಇಟ್ಟುಕೊಂಡು ಕೈಯನ್ನು ಮಣಿಕಟ್ಟಿನವರೆಗೆ ಇಳಿಸಿ ಬಡಿಯಬೇಕು. ಅಂಟುತ್ತದೆ, ಎಳೆಯುತ್ತದೆ, ತೋಳು ಉರಿಯುತ್ತದೆ. ಅದಕ್ಕೆ ಜಗ್ಗದೆ ಬಡಿಯುತ್ತಲೇ ಹೋದರೆ ಒಂದು ಹೊತ್ತಿಗೆ ಹಿಟ್ಟಿನ ಮೈಮೇಲೆ ಗುಳ್ಳೆ ಏಳುತ್ತದೆ, ಹಿಟ್ಟು ತಾನಾಗಿ ಕೈ ಬಿಡುತ್ತದೆ. ಹಾಗೆ ಬಡಿದ ಹಿಟ್ಟಿನ ಉಂಡೆ ಎಣ್ಣೆಗೆ ಬಿದ್ದರೆ ಒಂದು ಮಗ್ಗುಲು ಕೆಂಪಾದೊಡನೆ ತಾನೇ ಮಗುಚಿಕೊಳ್ಳುತ್ತದೆ, ಚಮಚ ತಗಲಿಸಬೇಕಿಲ್ಲ. ಬಡಿತ ಸಾಲದ್ದು ಬಿದ್ದಲ್ಲೇ ಬಿದ್ದಿರುತ್ತದೆ.

ಪೆರಿನಾಳದು ಬಹಳ ವರ್ಷಗಳಿಂದ ಬಿದ್ದಲ್ಲೇ ಬಿದ್ದಿರುತ್ತಿತ್ತು. ಬಡಿಯುವ ರಟ್ಟೆ ಅವಳಿಗೆ ಎಂದೂ ಇರಲಿಲ್ಲ. ಅವಳಿಗಿದ್ದದ್ದು ಮುಷ್ಟಿ. ಹಿಟ್ಟು ತುಂಬಿದ ಎಡಮುಷ್ಟಿಯನ್ನು ಹಿಂಡಿದರೆ ಹೆಬ್ಬೆರಳು ತೋರುಬೆರಳ ಸಂದಿಯಲ್ಲಿ ಅಕ್ರೋಟದಷ್ಟು ಉಂಡೆ ಹೊರಬರಬೇಕು, ಅದನ್ನು ಎಣ್ಣೆಯಲ್ಲಿ ಅದ್ದಿದ ಚಮಚದಿಂದ ಒಂದೇ ಸಲಕ್ಕೆ ಕಿತ್ತು ಬಾಣಲೆಗೆ ಬಿಡಬೇಕು. ಪೆರಿನಾ ಬಿಟ್ಟ ಉಂಡೆಗೆ ಬಾಲ ಇರುತ್ತಿರಲಿಲ್ಲ, ಗೋಲಿಯ ಹಾಗೆ ದುಂಡಗೆ. ಡೊಬ್ರಿಲಾ ದೋಣಿ ಕಟ್ಟುವವರ ಮಗಳು. ಹಲಗೆ ಉಜ್ಜಿ ಬೆಳೆದ ರಟ್ಟೆ. ಅವಳು ಬಡಿದ ಹಿಟ್ಟು ಮೋಡದ ಹಾಗೆ ಹಗುರ, ಆದರೆ ಅವಳು ಬಿಟ್ಟ ಉಂಡೆಗಳೆಲ್ಲ ಗೊದಮೊಟ್ಟೆಗಳು. ಆದ್ದರಿಂದ ಇಬ್ಬರೂ ಸೊಸೆಯರಾಗಿ ಈ ಓಣಿಗೆ ಬಂದ ಮೊದಲ ವರ್ಷವೇ ಪೆರಿನಾಳ ಅತ್ತೆ ಮಾಂದಾ ಇಬ್ಬರ ಕೈಯನ್ನೂ ನೋಡಿ, ನಿಮ್ಮಿಬ್ಬರಲ್ಲಿ ಒಟ್ಟು ಒಬ್ಬಳು ಹೆಂಗಸು ಇದ್ದಾಳೆ, ಒಟ್ಟಿಗೇ ಮಾಡಿಕೊಳ್ಳಿ ಎಂದು ತೀರ್ಪು ಕೊಟ್ಟಿದ್ದಳು. ಅಂದಿನಿಂದ ಎರಡು ಮನೆಯದೂ ಒಂದೇ ಹಿಟ್ಟು, ಒಂದೇ ಬಾಣಲೆ. ಡೊಬ್ರಿಲಾ ಬಡಿಯುತ್ತ ಊರವರ ಮೇಲೆಲ್ಲ ಹಾಸ್ಯ ಮಾಡುವಳು, ಪೆರಿನಾ ನಕ್ಕು ನಕ್ಕು ಉಂಡೆ ತಪ್ಪಿಸುವಳು. ಶಿಮೆ ಬಾಗಿಲ ಬಳಿ ಒರಗಿ ನಿಂತು, ಬಿಸಿಯದು ಬೆರಳು ಸುಟ್ಟರೂ ಬಿಡದೆ, ಒಂದಾದ ಮೇಲೊಂದು ತಿನ್ನುವನು.

ಅದೆಲ್ಲ ನಿಂತದ್ದು ಒಂದು ವೇಷದ ಹಬ್ಬದ ದಿನ. ದೊಡ್ಡ ಉಪವಾಸ ಶುರುವಾಗುವ ಮುನ್ನ ಬರುವ ಆ ಹಬ್ಬದ ಕಡೆಯ ದಿನ ಯಾರು ಯಾರಿಗೆ ಏನು ಕೀಟಲೆ ಮಾಡಿದರೂ ನಡೆಯುತ್ತದೆ. ಫ್ರಿತುಲೆಯ ಒಳಗೆ ಹತ್ತಿ ತುಂಬಿ ಕರಿದು ಕೊಡುವುದು ಹಳೆಯ ಕೀಟಲೆ. ಕಚ್ಚಿದವನು ಹಲ್ಲಿಗೆ ಸಿಕ್ಕಿದ ಹತ್ತಿ ಎಳೆಯುತ್ತ ಕೂರುತ್ತಾನೆ, ಸುತ್ತ ಇದ್ದವರು ನಗುತ್ತಾರೆ. ಆ ಮಧ್ಯಾಹ್ನ ಪೆರಿನಾಳ ಅಡುಗೆಮನೆಯಲ್ಲಿ ಡೊಬ್ರಿಲಾ ಒಂದು ತಟ್ಟೆಯಾಗುವಷ್ಟಕ್ಕೆ ಹತ್ತಿ ತುಂಬಿದಳು. ಸಂಜೆ ಬರುವ ಬ್ಯಾಂಡಿನವರಿಗೆಂದು ಅವನ್ನು ಬೇರೆ ತೆಗೆದು, ನೀಲಿ ಅಂಚಿನ ತಟ್ಟೆಯಲ್ಲಿಟ್ಟು ಬಟ್ಟೆ ಮುಚ್ಚಿದರು. ಮೇಲೆ ಉದುರಿಸಲು ಸಕ್ಕರೆಪುಡಿ ತರುತ್ತೇನೆಂದು ಡೊಬ್ರಿಲಾ ಮನೆಗೆ ಹೋದಳು. ಹೋದವಳು ಕಿರುಚಿದ್ದು ಕೇಳಿಸಿತು. ಸರಕು ಹಡಗಿನಲ್ಲಿ ಇಂಜಿನ್ ಕೆಲಸಕ್ಕಿದ್ದ ಅವಳ ತಮ್ಮ ತೊನ್ಚಿ ಯಾವುದೋ ದೂರದ ಬಂದರಿನಲ್ಲಿ ಸತ್ತನೆಂದು ಫೋನು ಬಂದಿತ್ತು.

ಪೆರಿನಾ ಇದ್ದ ಹಾಗೇ ಓಡಿದಳು. ಸಾವಿನ ಮನೆಗೆ ಬರಿಗೈಯಲ್ಲಿ ಹೋಗಬಾರದೆಂದು ತಿಳಿದಿದ್ದ ಮುದುಕಿ ಮಾಂದಾ ಮಾತ್ರ, ಕೈಗೆ ಸಿಕ್ಕಿದ ಮುಚ್ಚಿದ ತಟ್ಟೆಯೊಂದನ್ನು ಎತ್ತಿಕೊಂಡು ಹಿಂದೆ ಬಂದಳು. ಅದು ನೀಲಿ ಅಂಚಿನದು. ಕತ್ತಲಾಗುವ ಹೊತ್ತಿಗೆ ಮನೆ ತುಂಬ ಜನ. ಮಗನನ್ನು ಕಳೆದುಕೊಂಡ ಡೊಬ್ರಿಲಾಳ ತಂದೆ ಅವಳ ಮನೆಯಲ್ಲೇ ಇದ್ದ. ಮಧ್ಯಾಹ್ನದಿಂದ ಏನೂ ತಿಂದಿಲ್ಲ, ಒಂದಾದರೂ ಬಾಯಿಗೆ ಹಾಕಿಕೋ ಎಂದು ಯಾರೋ ತಟ್ಟೆ ಮುಂದೆ ಹಿಡಿದರು. ಮುದುಕ ಕಚ್ಚಿದ. ಹಲ್ಲಿನ ಸಂದಿಯಿಂದ ಬಿಳಿಯ ಎಳೆ ನೇತಾಡಿತು. ಅವನಿಗೆ ಏನೆಂದು ಅರ್ಥವಾಗದೆ ಬೆರಳಿನಿಂದ ಎಳೆಯುತ್ತಲೇ ಇದ್ದ.

ತಟ್ಟೆ ಪೆರಿನಾಳ ಮನೆಯದು. ಹಾಗಾಗಿ ಮಾತೂ ಅವಳ ತಲೆಗೇ ಬಂತು. ಓಣಿಯವರು ಎದುರಿಗೂ ಹಿಂದೆಯೂ ಆಡಿದರು. ಹತ್ತಿ ತುಂಬಿದ ಕೈ ಯಾರದೆಂದು ಪೆರಿನಾ ಹೇಳಲಿಲ್ಲ. ತಮ್ಮನನ್ನು ಕಳೆದುಕೊಂಡವಳ ಮೇಲೆ ಅದನ್ನೂ ಹೇರುವುದು ಅವಳಿಂದಾಗಲಿಲ್ಲ. ಮಾಂದಾಳಿಗೂ ಹೇಳಲಿಲ್ಲ, ಮುದುಕಿ ಆ ಕೊರಗಿನಲ್ಲೇ ಎರಡು ವರ್ಷ ಬದುಕಿದ್ದು ಹೋದಳು. ನಲವತ್ತನೆಯ ದಿನದ ಪ್ರಾರ್ಥನೆ ಕಳೆದ ಮೇಲೆ ಪೆರಿನಾ ಮೀನಿನ ಸಾರು ಹಿಡಿದು ಎದುರು ಮನೆಗೆ ಹೋದಳು. ಕಿಟಕಿಯಲ್ಲಿ ಡೊಬ್ರಿಲಾಳ ಮುಖ ಕಂಡಿತು, ಆಮೇಲೆ ಕಿಟಕಿಯ ಬಾಗಿಲು ಮುಚ್ಚಿತು. ಪೆರಿನಾ ಸಾರನ್ನು ಹೊತ್ತು ವಾಪಸು ಬಂದಳು. ಅಲ್ಲಿಗೆ ಮುಗಿಯಿತು.

ಗಂಡಸರು ಮಾತುಬಿಡಲಿಲ್ಲ. ಲೋವ್ರೆಯೂ ಶಿಮೆಯೂ ಒಂದೇ ದೋಣಿಯಲ್ಲಿ ಬಲೆ ಬಿಡುತ್ತಿದ್ದರು. ಹಬ್ಬ ಬಂದಾಗ ಹೆಂಡತಿಯರಿಗೆ ತಿಳಿಯದಂತೆ ದೋಣಿಯಲ್ಲಿ ಕುಳಿತು ಎರಡು ಮನೆಯ ಫ್ರಿತುಲೆಯನ್ನೂ ಅದಲುಬದಲು ಮಾಡಿಕೊಂಡು ತಿಂದು, ನಮ್ಮದಕ್ಕೆ ಬಾಲ, ನಿಮ್ಮದು ಗುಂಡುಕಲ್ಲು ಎಂದು ಶಿಮೆ ನಿಟ್ಟುಸಿರು ಬಿಡುತ್ತಿದ್ದನಂತೆ. ಅವನು ಸತ್ತ ಮೇಲೆ ಇದನ್ನು ಲೋವ್ರೆ ಹೆಂಡತಿಗೆ ಹೇಳಿದ. ಶವಸಂಸ್ಕಾರದ ಸಾಲಿನಲ್ಲಿ ಪೆರಿನಾ ಎಲ್ಲರಂತೆ ಡೊಬ್ರಿಲಾಳ ಕೈ ಹಿಡಿದಿದ್ದಳು. ಆ ಕೈ ತಣ್ಣಗಿತ್ತು, ಕಣ್ಣು ಇವಳ ಭುಜದಾಚೆ ಎಲ್ಲೋ ಇತ್ತು.

ಈಗ ಕಂಬಳಿ ಹೊದ್ದು ಒಲೆಯ ಪಕ್ಕ ಕುಳಿತಿದ್ದ ಹಿಟ್ಟು ಉಬ್ಬಿತ್ತು. ಪೆರಿನಾ ಅರ್ಧ ಹಿಟ್ಟನ್ನು ಮೊದಲ ತಟ್ಟೆಗೆಂದು ತೆಗೆದು ಕರಿಯತೊಡಗಿದಳು. ಉಂಡೆಗಳು ದುಂಡಗೆ ಬಿದ್ದವು, ಬಣ್ಣ ಬಂತು, ಆದರೆ ಒಂದೂ ಮಗ್ಗುಲು ಬದಲಿಸಲಿಲ್ಲ. ಒಂದೊಂದನ್ನೂ ಫೋರ್ಕಿನಿಂದ ತಿರುವಿ ಹಾಕಿದಳು. ಬೆಳಗಿನಿಂದ ಒಣಮೀನು ಬಡಿದು ನೆನೆಸಿ ಬೇಯಿಸಿ ಸುಸ್ತಾಗಿದ್ದ ಲೋವ್ರೆ ಬಂದು ಒಂದಕ್ಕೆ ಕೈ ಚಾಚಿದ. ಅವಳು ಕೈ ಮೇಲೆ ಹೊಡೆದಳು.

"ಮೊದಲ ತಟ್ಟೆ ಎದುರು ಮನೇದು."

ಲೋವ್ರೆ ಕೈ ಹಿಂದಕ್ಕೆ ತೆಗೆದುಕೊಂಡು ಅವಳ ಮುಖ ನೋಡಿದ. "ತಗೊಳ್ದೇ ಇದ್ರೆ?"

"ತಗೊಳ್ದೇ ಇದ್ರೆ ತಗೊಳಲ್ಲ. ತಂದುಕೊಟ್ಟೋರು ಯಾರೂ ಇಲ್ಲ ಅನ್ನೋ ಹಾಗಾಗಬಾರದು."

"ನಾನು ಕೊಟ್ಟು ಬರ್ಲಾ?"

"ಗಂಡಸು ಒಯ್ಯೋದು ಎಲ್ಲಾದ್ರೂ ಉಂಟಾ. ನೀನು ಮೀನಿನ ಪಾತ್ರೆ ನೋಡ್ಕೋ, ತಳ ಹಿಡಿದೀತು."

ಹೇಳುವಾಗ ಇದ್ದ ಧೈರ್ಯ ಹೊಸ್ತಿಲು ದಾಟುವಾಗ ಇರಲಿಲ್ಲ. ಸಂಜೆ ಇಳಿಯುತ್ತಿತ್ತು. ಕೆಳಗೆ ಸಮುದ್ರದ ಮೇಲಿನಿಂದ ತಣ್ಣನೆಯ ಗಾಳಿ ಓಣಿಗೆ ನುಗ್ಗಿ ತಟ್ಟೆಯ ಬಟ್ಟೆಯನ್ನು ಎತ್ತಲು ನೋಡಿತು. ಬಾಡಿಗೆ ಮನೆಗಳ ಬಾಗಿಲುಗಳ ಮೇಲೆ ಪ್ರವಾಸಿಗರಿಗೆ ಕೀಲಿಕೈ ಇಡುವ ಪುಟ್ಟ ಪೆಟ್ಟಿಗೆಗಳು. ಎರಡು ಹೆಜ್ಜೆಯ ಓಣಿಯ ನಡುವೆ ಅವಳು ನಿಂತುಬಿಟ್ಟಳು. ಮತ್ತೆ ಕಿಟಕಿ ಮುಚ್ಚಿದರೆ ಉಳಿದ ಆಯುಷ್ಯವೆಲ್ಲ ಈ ಓಣಿಯಲ್ಲಿ ಎದುರುಬದುರು ಹೇಗೆ ಬದುಕುವುದು? ಈಗಲಾದರೆ ಅವಳು ಸಿಟ್ಟಿನಲ್ಲಿದ್ದಾಳೆ, ಎಂದಾದರೊಂದು ದಿನ ಇಳಿದೀತು ಎಂದು ಅಂದುಕೊಳ್ಳಬಹುದು. ಇಂದು ತಟ್ಟೆ ತಿರಸ್ಕರಿಸಿದರೆ ಅಂದುಕೊಳ್ಳುವುದಕ್ಕೂ ಏನೂ ಉಳಿಯುವುದಿಲ್ಲ. ಆದರೆ ಫ್ರಿತುಲೆ ಆರುತ್ತಿತ್ತು. ಆರಿದ ಫ್ರಿತುಲೆ ಹಿಡಿದು ಹೋಗುವುದು ಹೋಗದಿರುವುದಕ್ಕಿಂತ ಕೆಟ್ಟದ್ದು. ಪೆರಿನಾ ಬಾಗಿಲು ತಟ್ಟಿದಳು.

ಬಾಗಿಲು ತೆರೆಯಿತು. ಡೊಬ್ರಿಲಾ ಕಪ್ಪು ಬಟ್ಟೆಯಲ್ಲಿ ಇನ್ನೂ ಎತ್ತರವಾಗಿ ಕಂಡಳು. ಅವಳು ಪೆರಿನಾಳ ಮುಖ ನೋಡಲಿಲ್ಲ, ತಟ್ಟೆ ನೋಡಿದಳು. ಬಟ್ಟೆ ಸರಿಸಿ ಒಂದನ್ನು ಎತ್ತಿಕೊಂಡಳು. ಎರಡು ಹೋಳು ಮಾಡಿ, ಒಳಗೆ ಕಣ್ಣಿಟ್ಟು ನೋಡಿದಳು.

"ಹತ್ತಿ ಇಲ್ಲ," ಎಂದಳು.

"ಹತ್ತಿ ತುಂಬೋದು ನಿನ್ ಕೆಲ್ಸ ಆಗಿತ್ತಲ್ಲ. ನಂಗೆಲ್ಲಿ ಬರುತ್ತೆ ಅದು?"

ಬಾಯಿಂದ ಬಿದ್ದು ಹೋಗಿತ್ತು. ಪೆರಿನಾ ನಾಲಿಗೆ ಕಚ್ಚಿಕೊಂಡಳು. ಇಷ್ಟು ವರ್ಷ ಹೊಟ್ಟೆಯಲ್ಲಿ ಹಾಕಿಕೊಂಡದ್ದನ್ನು, ಸಾವಾದ ಮನೆಯ ಹೊಸ್ತಿಲಲ್ಲಿ ನಿಂತು ಆಡಿಬಿಟ್ಟಿದ್ದಳು. ಇನ್ನು ಬಾಗಿಲು ಮುಚ್ಚುತ್ತದೆ ಎಂದುಕೊಂಡಳು. ಮುಚ್ಚಲಿಲ್ಲ. ಡೊಬ್ರಿಲಾ ಒಂದು ಹೋಳನ್ನು ಬಾಯಿಗೆ ಹಾಕಿಕೊಂಡು ನಿಧಾನಕ್ಕೆ ಅಗಿದಳು.

"ಅದನ್ನ ನೀನು ಯಾರಿಗೂ ಹೇಳ್ಲಿಲ್ಲ."

"ಯಾರು ಕೇಳಿದ್ರು?"

"ಓಣಿಯೆಲ್ಲಾ ನಿನ್ನೇ ಅಂತು. ನಾನು ಈ ಕಿಟಕಿ ಹಿಂದೆ ನಿಂತು ಕೇಳಿಸ್ಕೊಂಡೆ. ಅಪ್ಪ ಇರೋವರೆಗೂ ಬಾಯಿ ಬರ್ಲಿಲ್ಲ. ಅಪ್ಪ ಹೋದ್ಮೇಲೆ ಹೇಳೋಣ ಅಂದ್ರೆ ಆಗ್ಲೇ ತುಂಬಾ ತಡ ಆಗಿತ್ತು. ನೀನು ಸಾರು ತಂದ ದಿನ ನಿನ್ ಮುಖ ನೋಡೋಕಾಗ್ಲಿಲ್ಲ ಕಣೇ."

ಪೆರಿನಾಳಿಗೆ ತಟ್ಟೆ ಭಾರವಾಯಿತು. "ನಿಂಗೆ ನನ್ ಮೇಲೆ ಸಿಟ್ಟು ಅಂದ್ಕೊಂಡಿದ್ದೆ ನಾನು."

"ಸಿಟ್ಟಿದ್ದಿದ್ರೆ ಬೈದು ಮುಗಿಸ್ತಿರ್ಲಿಲ್ವಾ? ನಂಗೇನು ಬೈಯೋಕೆ ಬರಲ್ವಾ?"

ಬರುತ್ತಿತ್ತು. ಅವಳು ಬೈಯುವುದನ್ನು ಕೇಳಲೆಂದೇ ಹಿಂದೆ ಮೀನಿನ ಕಟ್ಟೆಯ ಬಳಿ ಜನ ನಿಲ್ಲುತ್ತಿದ್ದರು. ಇಷ್ಟು ಸರಳವಾದದ್ದು ತನಗೆ ಹೊಳೆಯಲೇ ಇಲ್ಲವಲ್ಲ ಎಂದು ಪೆರಿನಾ ಬೆರಗಾದಳು. ಡೊಬ್ರಿಲಾ ಉಳಿದ ಹೋಳನ್ನೂ ಬಾಯಿಗೆ ಹಾಕಿಕೊಂಡಳು. ಕಣ್ಣು ಒದ್ದೆಯಾಗಿತ್ತು, ಆದರೆ ಹುಬ್ಬು ಗಂಟಿಕ್ಕಿತ್ತು.

"ಏನೇ ಇದು, ಈ ಪಾಟಿ ಗಟ್ಟಿ? ಎಷ್ಟು ಹೊತ್ತು ಬಡಿದೆ?"

"ರಟ್ಟೆ ಸೋಲೋವರೆಗೂ."

"ನಿನ್ ರಟ್ಟೆ ಸೋಲೋಕೆ ಎಷ್ಟು ಹೊತ್ತು ಬೇಕು, ಹಿಟ್ಟಿಗೆ ಕೈ ಇಡೋಕೆ ಮುಂಚೇನೇ ಸೋತಿರುತ್ತೆ."

"ಇನ್ನರ್ಧ ಹಿಟ್ಟು ಒಲೆ ಪಕ್ಕ ಇದೆ," ಎಂದು ಪೆರಿನಾ ಹೇಳಿದಳು. ಬಾ ಎನ್ನುವಂತಿರಲಿಲ್ಲ. ಕಪ್ಪು ಬಟ್ಟೆ ಉಟ್ಟವಳನ್ನು ಕರಿಯುವ ಕೆಲಸಕ್ಕೆ ಕರೆಯುವುದು ಹೇಗೆ?

ಡೊಬ್ರಿಲಾ ತನ್ನ ಕಪ್ಪು ತೋಳನ್ನೊಮ್ಮೆ, ಎದುರು ಮನೆಯ ಬೆಳಕನ್ನೊಮ್ಮೆ ನೋಡಿದಳು. ಆಮೇಲೆ ದೋಣಿಯ ಅಳತೆ ಹೇಳುವವಳ ಗಾಂಭೀರ್ಯದಲ್ಲಿ ವಾದ ಹೂಡಿದಳು. ತನ್ನ ಮನೆಯಲ್ಲಿ ಎಣ್ಣೆ ಇಡಬಾರದು, ಸರಿ. ಆ ಎಣ್ಣೆ ಪೆರಿನಾಳ ಮನೆಯದು, ಬಾಣಲೆ ಅವಳದು, ಕರಿಯುವವಳೂ ಅವಳೇ. ಕಲಸುವುದು ಬೇರೆ, ಕರಿಯುವುದು ಬೇರೆ. ಹಿಟ್ಟು ಬಡಿಯಬಾರದೆಂದು ಯಾವ ಪಾದ್ರಿಯೂ ಹೇಳಿದ್ದನ್ನು ತಾನು ಕೇಳಿಲ್ಲ. ಹೀಗೆಂದು ತಟ್ಟೆಯನ್ನು ಒಳಗೊಯ್ದು, ಶಿಮೆಯ ಚಿತ್ರದ ಮುಂದೆ ಎರಡು ಫ್ರಿತುಲೆ ಇಟ್ಟು, ಬೇರೊಂದು ತಟ್ಟೆಯಲ್ಲಿ ಒಣ ಅಂಜೂರ ಹಾಕಿಕೊಂಡು ಬಂದಳು. ನೀಲಿ ಅಂಚಿನ ತಟ್ಟೆ. ಖಾಲಿ ಕೊಡುವಂತಿಲ್ಲದ್ದರಿಂದ ಇಷ್ಟು ವರ್ಷ ಕೊಡಲಾಗದೆ ಉಳಿದದ್ದು.

ಲೋವ್ರೆ ಅಡುಗೆಮನೆಯಲ್ಲಿ ಇಬ್ಬರು ಹೆಂಗಸರನ್ನು ಕಂಡು ಏನೋ ಹೇಳಲು ಬಾಯಿ ತೆರೆದ. ಡೊಬ್ರಿಲಾ ತೋಳು ಮೇಲಕ್ಕೆ ಮಡಿಚುತ್ತ, ಬೆಂಚು ಸರಿಸು, ಇನ್ನೊಂದು ಹಿಡಿ ಹಿಟ್ಟು ತಾ, ಬಾಯಿ ಆಮೇಲೆ ತೆರೆ ಎಂದಳು. ಅವನು ತಂದುಕೊಟ್ಟ. ಅವಳು ಪಾತ್ರೆಯನ್ನು ತೊಡೆಗಳ ನಡುವೆ ಇಟ್ಟುಕೊಂಡು ಕೈ ಇಳಿಸಿದಳು. ಧಪ್ ಧಪ್ ಎಂಬ ಆ ಸದ್ದು ಈ ಗೋಡೆಗಳಿಗೆ ಮರೆತೇ ಹೋಗಿತ್ತು. ವಯಸ್ಸಾಗಿತ್ತು, ನಡುನಡುವೆ ನಿಂತು ಉಸಿರು ತೆಗೆದುಕೊಂಡಳು, ಅಂಗಡಿಯ ಪೊಟ್ಟಣದ ಹಿಟ್ಟು ಕೊಳ್ಳುವವರಿಗೆಲ್ಲ ಒಂದೊಂದು ಹೆಸರಿಟ್ಟಳು. ಹಿಟ್ಟಿನ ಮೈಮೇಲೆ ಗುಳ್ಳೆ ಎದ್ದವು. ಅದನ್ನು ಮತ್ತೆ ಕಂಬಳಿಯಲ್ಲಿ ಸುತ್ತಿ ಕೂರಿಸಿ, ಕಾಯುತ್ತ ಮೂವರೂ ಅಂಜೂರ ತಿಂದರು. ಮಾಂದಾ ಹೇಗೆ ಹೋದಳೆಂದು ಡೊಬ್ರಿಲಾ ಕೇಳಿದಳು, ಪೆರಿನಾ ಹೇಳಿದಳು. ಶಿಮೆಯ ಕಡೆಯ ದಿನಗಳನ್ನು ಪೆರಿನಾ ಕೇಳಿದಳು, ಡೊಬ್ರಿಲಾ ಹೇಳಿದಳು. ದೋಣಿಯಲ್ಲಿ ನಡೆಯುತ್ತಿದ್ದ ಅದಲುಬದಲಿನ ಗುಟ್ಟನ್ನು ಲೋವ್ರೆ ಒಪ್ಪಿಸಿದ. ಕಳ್ಳರು ಎಂದಳು ಡೊಬ್ರಿಲಾ.

ಎಣ್ಣೆ ಕಾಯಿತು. ಪೆರಿನಾ ಮುಷ್ಟಿ ಹಿಂಡಿದಳು, ಚಮಚದಿಂದ ಕಿತ್ತಳು, ಬಿಟ್ಟಳು. ಒಂದರ ಹಿಂದೆ ಒಂದು, ದುಂಡಗೆ, ಬಾಲವಿಲ್ಲದೆ. ಆಮೇಲೆ ಫೋರ್ಕನ್ನು ಕೆಳಗಿಟ್ಟು ಕೈ ಕಟ್ಟಿಕೊಂಡು ನಿಂತಳು. ಮೂವರೂ ಬಾಣಲೆಯೊಳಗೆ ನೋಡಿದರು. ಮೊದಲನೆಯದು ಸ್ವಲ್ಪ ಅಲುಗಿತು, ಯೋಚಿಸಿದಂತೆ ನಿಂತಿತು, ಆಮೇಲೆ ನಿದ್ದೆಯಲ್ಲಿ ಮಗ್ಗುಲಾಗುವ ಮಗುವಿನಂತೆ ತಾನೇ ಮಗುಚಿಕೊಂಡು ಕೆಂಪು ಬೆನ್ನು ತೋರಿಸಿತು. ಹಿಂದೆಯೇ ಉಳಿದವೂ ಮಗುಚಿದವು.

ಮಧ್ಯದ ಹಬ್ಬಗಳೆಲ್ಲ ಹೋಗಿದ್ದವು, ಅವು ಹಿಂದಿರುಗುವಂತಿರಲಿಲ್ಲ. ಮಾಂದಾ ಅದು ತನ್ನದೇ ತಪ್ಪೆಂದುಕೊಂಡು ಸತ್ತಳು. ಶಿಮೆ ಮತ್ತೊಂದು ಒಳ್ಳೆಯ ಫ್ರಿತುಲೆ ತಿನ್ನದೆಯೇ ಹೋದ. ಉಳಿದಿಬ್ಬರಿಗೆ ಒಂದು ಮುಷ್ಟಿಯೂ ಒಂದು ರಟ್ಟೆಯೂ ಸಿಕ್ಕಿದವು.